ಮಾಸ್ಟ್ರಿಗೆ ಹೇಳಿದ ಒಂದು ಸಾಲು

ಮೊನ್ನೆ ಮದುವೆ ಹಾಲ್‌ನ ಬಾಗಿಲಲ್ಲಿ ಅಲಂಕಾರಕ್ಕೆಂದು ಒಂದು ಅಕ್ಕಿಮುಡಿ ಇಟ್ಟಿದ್ದರು. ಬೈಹುಲ್ಲಿನಲ್ಲಿ ಉಂಡೆಯಾಗಿ ಬಿಗಿದು ಕಟ್ಟಿದ ಮುಡಿ. ಮೊಮ್ಮಕ್ಕಳು ನೀವೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿರಿ. ಆ ಹುಲ್ಲಿನ ವಾಸನೆಗೆ ನನಗೆ ಕೂಳೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಸ್ಟ್ರು ನೆನಪಾದರು...

ಅವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ನಿವೃತ್ತಿಯಾದ ಮೇಲೆ ಮಂಗಳೂರು ಮತ್ತು ಸುತ್ತಲಿನ ಜಿಲ್ಲೆಯ ಚರಿತ್ರೆ ಬರೆಯುತ್ತಿದ್ದರು. ಅರಸರು, ಕೋಟೆ, ಬಂದರು ಎಲ್ಲ ಮುಗಿದಿತ್ತು. ಕಾಸರಗೋಡು ಕೇರಳಕ್ಕೆ ಹೋದ ಮೇಲೆ ಗಡಿಯ ಜನರಿಗೆ ಏನಾಯಿತು ಎಂಬುದೊಂದು ಬಾಕಿ. ನನ್ನ ತವರು ತಲಪಾಡಿ ಗಡಿಯ ಆಚೆ ಎಂದು ತಿಳಿದದ್ದೇ ತಡ, ದಿನಾ ಸಂಜೆ ಬೇಲಿಯ ಬಳಿ ಬಂದು ನಿಲ್ಲುತ್ತಿದ್ದರು.

"ಎಂತ ಅಕ್ಕ, ಬಾಯಿಗೂ ಚೆಕ್‌ಪೋಸ್ಟ್ ಉಂಟಾ? ಸ್ವಲ್ಪ ಹೇಳಿ ಮಾರಾಯ್ರೆ."

ಹೇಳಲಿಕ್ಕೆ ಬೇಕಾದಷ್ಟು ಇತ್ತು. ನಮ್ಮ ಗದ್ದೆ, ನನ್ನ ಶಾಲೆ ಗಡಿಯ ಈಚೆ, ಮನೆ ಆಚೆ. ಅಕ್ಕಿ ಗಡಿ ದಾಟಬಾರದೆಂಬ ನಿಯಮ ಬಂದ ಮೇಲೆ ನಮ್ಮದೇ ಬೆಳೆಯನ್ನು ಮನೆಗೆ ಒಯ್ಯುವ ಹಾಗಿರಲಿಲ್ಲ. ಅಪ್ಪ ಗದ್ದೆಬದಿಯ ಕೊಟ್ಟಿಗೆಯಲ್ಲಿ ಮುಡಿ ಬಿಚ್ಚಿ, ದಿನಕ್ಕೊಂದು ಸೇರು ಅಕ್ಕಿಯನ್ನು ನನ್ನ ಶಾಲೆ ಚೀಲದಲ್ಲಿ ಪುಸ್ತಕಗಳ ಅಡಿಗೆ ಹಾಕುತ್ತಿದ್ದರು. ಒಂದು ದಿನ ಕಾವಲಿನವ ಚೀಲ ಕೊಡವಿದ. ಹಿಂದೆ ಬರುತ್ತಿದ್ದ ಅಪ್ಪನನ್ನು ಮಂಡಿಯೂರಿಸಿ, ರಸ್ತೆಗೆ ಬಿದ್ದ ಅಕ್ಕಿಯನ್ನು ಹೆಕ್ಕಿಸಿದ. ನೋಡುತ್ತ ನಿಂತವರೆಲ್ಲ ನಮ್ಮೂರಿನವರೇ...

ಅಪ್ಪ ಅಕ್ಕಿಕಳ್ಳನೆಂದು ಪುಸ್ತಕದಲ್ಲಿ ಬಂದರೆ? ಆ ಹೆದರಿಕೆಯಲ್ಲಿ, "ನಮಗೆ ಎಂತ ತೊಂದರೆಯೂ ಆಗಲಿಲ್ಲ ಮಾಸ್ಟ್ರೇ" ಎಂದುಬಿಟ್ಟೆ. ಅವರು ನಂಬಿ ಬರೆದುಕೊಂಡರು.

ಪುಸ್ತಕ ಅಚ್ಚಾದ ದಿನ ಮೊದಲ ಪ್ರತಿಯನ್ನು ನಮ್ಮ ಮನೆಗೇ ತಂದರು. "ನೋಡಿ, ನಿಮ್ಮ ಮಾತೂ ಉಂಟು. ಇನ್ನು ನೀವೂ ಚರಿತ್ರೆಯವರು!" ಎಂದು ನಕ್ಕರು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎನ್ನುತ್ತಲೇ ಎರಡು ವರ್ಷ ಕಳೆದೆ. ಅವರು ತೀರಿಹೋದರು. ನಿಮ್ಮ ಅಜ್ಜನಿಗೂ ಈ ವಿಷಯ ಹೇಳಲಿಲ್ಲ, ಅವರೂ ಹೋದರು...

ನಿನ್ನೆ ನಿಮ್ಮಲ್ಲೊಬ್ಬಳು ಕಾಲೇಜಿನ ಪ್ರಾಜೆಕ್ಟಿಗೆಂದು ಆ ಪುಸ್ತಕದಿಂದಲೇ ಬರೆದುಕೊಂಡು ನನಗೆ ಓದಿ ಹೇಳಿದಳು: "ಗಡಿಯ ಜನರಿಗೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ." ನನ್ನ ಮೇಲೆ ನನಗೇ ಮೈಯೆಲ್ಲ ಉರಿಯಿತು. ಮಕ್ಕಳೇ, ಆ ಸಾಲು ಸುಳ್ಳು. ಆ ಒಳ್ಳೆಯ ಮನುಷ್ಯರ ಪುಸ್ತಕಕ್ಕೆ ಅದನ್ನು ಸೇರಿಸಿದವಳು ನಾನು. ನಿಮ್ಮ ಪ್ರಾಜೆಕ್ಟಿನಲ್ಲಿ ಅದನ್ನು ಹೊಡೆದುಹಾಕಿ, ನಿಮ್ಮ ಮುತ್ತಜ್ಜ ಅಕ್ಕಿ ಹೆಕ್ಕಿದ್ದನ್ನು ಬರೆಯಿರಿ. ಮಾಸ್ಟ್ರ ಪುಸ್ತಕವನ್ನು ತಿದ್ದಲು ಮಾತ್ರ ಮಾಸ್ಟ್ರೇ ಇಲ್ಲ.