ಸ್ತುತಿ ಪದ ಮುಗಿಯುವ ಮೊದಲು

ಶ್ರಾವಣದ ಒಂದು ಶನಿವಾರ, ಬೆಳಗ್ಗೆ ಹತ್ತೂವರೆ. ಸವಣೂರಿನಲ್ಲಿ ನಮ್ಮ ಮೇಳದ ತಬಲಾದವರ ಮನೆ. ನಡುಮನೆಯ ಹೊಸ್ತಿಲಿನಿಂದ ಎರಡು ಹೆಜ್ಜೆ ಒಳಗೆ, ಗೋಡೆಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಕಂಪ್ಯೂಟರಿನ ಪರದೆ ನನ್ನಿಂದ ನಾಲ್ಕು ಅಡಿ ದೂರದಲ್ಲಿತ್ತು. ಅದರ ಮೇಲಿನ ಅಕ್ಷರಗಳು ನನಗೆ ಕಾಣುತ್ತಿದ್ದವು. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಯಾಕೆಂದರೆ ಕಾಣಲಿಲ್ಲ ಎಂದು ನಾನು ಒಮ್ಮೆ ಹೇಳಿದ್ದೇನೆ.

ಮೇಳದಲ್ಲಿ ನಾವು ನಾಲ್ವರು, ನಾಲ್ಕು ತಾಲ್ಲೂಕಿನವರು. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವ ನಾನು ಹಾನಗಲ್ಲಿನವನು. ತಬಲಾದವರದು ಸವಣೂರು. ಹಿರೇಕೆರೂರಿನ ಶಾಲೆಯಲ್ಲಿ ಕಲಿಸುವ ಅಕ್ಕಾರು ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದರು. ಹಾಡುವವರು ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯ ಆಯಿ, ಎಪ್ಪತ್ತು ದಾಟಿದವರು. ವಾರಕ್ಕೊಮ್ಮೆ ಬಸ್ಸು ಹಿಡಿದು ಕೂಡುವುದು ಆಗದಾದಾಗ, ಅವರವರ ಮನೆಯಲ್ಲೇ ಬಾರಿಸಿ ಕಂಪ್ಯೂಟರಿನಲ್ಲಿ ಜೋಡಿಸೋಣ ಎಂದುಕೊಂಡೆವು. ಆದರೆ ಅಕ್ಕಾರದು ಮ್ಯಾಕ್, ತಬಲಾದವರದು ವಿಂಡೋಸ್. ಒಬ್ಬರ ಕೆಲಸ ಇನ್ನೊಬ್ಬರಲ್ಲಿ ತೆರೆಯುತ್ತಿರಲಿಲ್ಲ. ನನ್ನ ಬಳಿ ಯಾವುದೂ ಇರಲಿಲ್ಲ. ನಾನು ಯಾವುದನ್ನು ಕೊಳ್ಳುತ್ತೇನೋ ಎಲ್ಲರೂ ಅದಕ್ಕೇ ಬರುವುದೆಂದು ಮಾತಾಯಿತು.

"ಮ್ಯಾಕ್ ತಗೋರಿ. ಮೈಕ್ ಹಚ್ಚಿದ್ರ ಸಾಕು, ದನಿ ತಡಾ ಆಗಂಗಿಲ್ಲ" ಎನ್ನುತ್ತಿದ್ದರು ಅಕ್ಕಾರು.

"ಕೆಟ್ರ ಎಲ್ಲಿ ಒಯ್ತೀರಿ ಪೇಟಿ ಮಾಸ್ತರ್ರ? ನಂದು ಸವಣೂರಾಗ ಬಿಚ್ಚಿ ಜೋಡಸ್ತಾರ. ಅವರದು ಕೆಟ್ರ ದೇವರ ಜಗಲಿ ಮ್ಯಾಲಿಟ್ಟು ಪೂಜಿ ಮಾಡಬೇಕಷ್ಟ" ಎನ್ನುತ್ತಿದ್ದರು ತಬಲಾದವರು.

ನಾನು ಮೂರು ತಿಂಗಳು ತಳ್ಳಿದೆ. ಅಷ್ಟರಲ್ಲಿ ಆಯಿಯ ಗಂಟಲಲ್ಲಿ ಗಡ್ಡೆ ಕಂಡಿತು. ಹುಬ್ಬಳ್ಳಿಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಆಮೇಲೆ ಹಾಡುವ ದನಿ ಉಳಿಯುವುದು ಕಷ್ಟ ಎಂದರು ಡಾಕ್ಟರು. ಅಕ್ಕಾರು ಎರಡೇ ವಾರದಲ್ಲಿ ಆಯಿಯಿಂದ ಹನ್ನೊಂದು ಪದ ಹಾಡಿಸಿ ಇಟ್ಟುಕೊಂಡರು. ಅವರ ಮ್ಯಾಕ್ ತುಂಬಿ ಹೋಗಿ, ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಸಾಗಿಸಿದರು.

ಶುಕ್ರವಾರ ಆ ಡಿಸ್ಕನ್ನು ತರಲು ಹಿರೇಕೆರೂರಿಗೆ ಹೋದವನು ನಾನೇ. ಸವಣೂರಿನಲ್ಲಿ ಅದು ತೆರೆದರೆ ತಬಲಾ ಕೂಡಿಸುವುದು, ನಾನು ವಿಂಡೋಸ್ ಕೊಳ್ಳುವುದು. ತೆರೆಯದಿದ್ದರೆ ಮ್ಯಾಕ್.

"ಎರಡೂ ಕಡೆ ತೆರಿಯೂ ಹಂಗ ಮಾಡೇನಿ ಅನ್ಕೊಂಡೇನಿ, ಖಾತ್ರಿ ಇಲ್ರಿ" ಎಂದರು ಅಕ್ಕಾರು. "ಅಲ್ಲೆ ಪರದೆ ಮ್ಯಾಲೆ ಏನರ ಕೇಳಿದ್ರ ಬ್ಯಾಡ ಅಂತ ಒತ್ತಾಕ ಹೇಳ್ರಿ. ಈ ಪದ ಇದರಾಗ ಬಿಟ್ಟು ಇನ್ನೆಲ್ಲೂ ಇಲ್ರಿ."

"ಹೂಂರಿ" ಎಂದೆ.

ಮರುದಿನ ಆಯಿಯೂ ಸವಣೂರಿಗೆ ಬಂದಿದ್ದರು. ಗುರುವಾರ ಅವರ ಆಪರೇಷನ್. ತಬಲಾದವರು ಡಿಸ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿ ವೈರು ಜೋಡಿಸಿದರು. ನಾನು ಅಕ್ಕಾರ ಮಾತು ಹೇಳಬೇಕು, ಆಗಲೇ ಆಯಿ ಸ್ತುತಿ ಪದ ಎತ್ತಿಕೊಂಡರು.

ನಮ್ಮ ಮೇಳದಲ್ಲಿ ಯಾವ ಕೆಲಸಕ್ಕೂ ಮೊದಲು ಹಿರಿಯರು ಸ್ತುತಿ ಹಾಡುತ್ತಾರೆ. ಅದು ಮುಗಿಯುವತನಕ ಯಾರೂ ಮಾತಾಡುವುದಿಲ್ಲ. ಆ ಪದಕ್ಕೆ ತಾಳವಿಲ್ಲ, ಹಾಗಾಗಿ ತಬಲಾದವರ ಕೈ ಖಾಲಿ ಇರುತ್ತದೆ. ಅಂದು ಆ ಕೈ ಮೌಸಿನ ಮೇಲಿತ್ತು.

ಪರದೆಯ ಮೇಲೆ ಒಂದು ಚೌಕ ಬಂತು. ಬಳಸಬೇಕಾದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಇಂಗ್ಲಿಷಿನಲ್ಲಿತ್ತು. ಅವರು ಒತ್ತಿದರು. ಆಯಿ ಮೊದಲ ನುಡಿಯಲ್ಲಿದ್ದರು. ಇನ್ನೊಂದು ಚೌಕ ಬಂತು, ಅದರ ಕೆಳಗೆ ಸ್ಟಾರ್ಟ್ ಎಂದಿತ್ತು. ಒತ್ತಿದರು. ನಾನು ಬಾಯಿ ತೆರೆದೆ. ಆಯಿ ಕಣ್ಣು ಮುಚ್ಚಿ ಎರಡನೆಯ ನುಡಿಗೆ ಉಸಿರು ಎಳೆದುಕೊಳ್ಳುತ್ತಿದ್ದರು. ಇದೇ ಅವರ ಕೊನೆಯ ಸ್ತುತಿ ಆದೀತು ಎಂದು ನನಗೆ ಗೊತ್ತಿತ್ತು. ಬಾಯಿ ಮುಚ್ಚಿದೆ. ಮೂರನೆಯ ಚೌಕದಲ್ಲಿ ಹಳದಿ ಗುರುತಿತ್ತು. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಬರೆದಿತ್ತು. ಅದನ್ನು ನಾನು ಪೂರ್ತಿ ಓದಿದೆ. ಓದುವಷ್ಟು ಹೊತ್ತಿತ್ತು. ಅವರು ಒತ್ತಿದರು.

ಪದ ಮುಗಿಯಿತು. ಡಿಸ್ಕ್ ತೆರೆಯಿತು, ಒಳಗೆ ಏನೂ ಇರಲಿಲ್ಲ.

"ಫಾರ್ಮ್ಯಾಟ್ ಮಾಡದ ಹೊರತು ತೆರಿಯಂಗಿಲ್ಲ ಅಂತು, ಮಾಡಿದೆ" ಎಂದರು ತಬಲಾದವರು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. "ಪೇಟಿ ಮಾಸ್ತರ್ರ, ನೀವು ಇಲ್ಲೇ ನಿಂತಿದ್ರಲ್ಲಾ. ನಿಮಗ ಕಾಣಲಿಲ್ಲೇನ್ರಿ?"

"ಇಲ್ರಿ" ಎಂದೆ.

ಆಯಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ, "ಅದಕ್ಯಾಕ ಹಂಗ ಕುಂತೀರಿ? ಮತ್ತ ಹಾಡ್ತೇನಿ, ಹಚ್ಚರಿ ಮೈಕು" ಎಂದರು. ಹಚ್ಚಿದೆವು. ಎರಡನೆಯ ಸಾಲಿಗೆ ದನಿ ಒಡೆದು ಕೆಮ್ಮು ಬಂತು. ನೀರು ಕುಡಿದು ಮೈಕನ್ನು ತಾವೇ ಆಚೆ ಸರಿಸಿದರು. "ಹೋಗ್ಲಿ ಬಿಡು ತಮ್ಮಾ" ಎಂದು ನನ್ನ ಕಡೆ ತಿರುಗಿದರು. "ನಾ ಸ್ತುತಿ ಹಾಡೂ ಮುಂದ ಒಬ್ಬರೂ ಪಿಟ್ಟ್ ಅನ್ನಲಿಲ್ಲ ನೋಡು. ಅಷ್ಟ ಸಾಕು."

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಡಿಸ್ಕಿನಿಂದ ಕೆಲವು ತುಂಡು ತೆಗೆದುಕೊಟ್ಟರು. ಕೇಳುವಂತಿದ್ದದ್ದು ಒಂದೇ. ಅದರಲ್ಲಿ ಆಯಿ ಗಂಟಲು ಸರಿಮಾಡಿಕೊಂಡು, "ಶುರು ಮಾಡ್ಲೇನ್ರಿ ಅಕ್ಕಾರ?" ಎಂದು ಕೇಳುತ್ತಾರೆ. ಅಲ್ಲಿಗೆ ಮುಗಿಯುತ್ತದೆ.

ನಾನು ವಿಂಡೋಸ್ ಕೊಂಡೆ. ಮರುವರ್ಷ ಅಕ್ಕಾರೂ ಅದನ್ನೇ ತಂದರು. ಯಾಕೆ ಎಂದು ಕೇಳಿದವರಿಗೆ, ರಿಪೇರಿಗೆ ಅನುಕೂಲ ಎನ್ನುತ್ತೇನೆ. ನಮ್ಮ ಮೂವರ ನಡುವೆ ಆ ಚೌಕ ಮತ್ತೆ ಬರಬಾರದು, ನಿಜವಾದ ಕಾರಣ ಅಷ್ಟೇ.

ಆ ನಡುಮನೆಯಲ್ಲಿ ಇದ್ದವರಲ್ಲಿ ಆಯಿ ಹೋದ ವರ್ಷ ತೀರಿಕೊಂಡರು. ತಬಲಾದವರು ಇದ್ದಾರೆ. ತಪ್ಪೆಲ್ಲ ತಮ್ಮದೇ ಎಂದು ಈಗಲೂ ನಂಬಿದ್ದಾರೆ. ಅವರ ಹೆಂಡತಿಯೂ ಇದ್ದಾರೆ. ಅಂದು ಚಹಾದ ತಾಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ಅವರು ನಿಂತಿದ್ದರು. ಅವರಿಗೆ ಪರದೆ ಕಾಣುತ್ತಿರಲಿಲ್ಲ, ನನ್ನ ಮುಖ ಕಾಣುತ್ತಿತ್ತು. ನಾನು ಬಾಯಿ ತೆರೆದದ್ದನ್ನೂ ಮುಚ್ಚಿದ್ದನ್ನೂ ಅವರು ನೋಡಿದ್ದಾರೆ.