ಅಣ್ಣನ ಕ್ಯಾಬಿನೆಟ್ಟು, ಅತ್ತಿಗೆಯ ಕಾರ್ಡು

ನಮ್ಮ ಅತ್ತಿಗೆಯ ಬಲಗೈ ಹೆಬ್ಬೆರಳು, ತೋರುಬೆರಳುಗಳ ತುದಿಗಳು ಒರಟಾಗಿದ್ದವು. ಉಳಿದ ಕೈಯೆಲ್ಲ ಮೆತ್ತಗೆ. ಆ ಎರಡು ತುದಿಗಳು ಮಾತ್ರ ಗಟ್ಟಿಯಾಗಿ, ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವಳ ಬೆರಳಚ್ಚನ್ನು ಒಂದೇ ಸಲಕ್ಕೆ ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ. ಅವಳು ಗದ್ವಾಲದ ನೇಕಾರರ ಮನೆಯ ಮಗಳು. ಅಲ್ಲಿಯ ಸೀರೆಯ ಒಡಲು ನೂಲಿನದು, ಅಂಚು ಸೆರಗು ರೇಷ್ಮೆಯದು. ಆ ಎರಡನ್ನೂ ಎಳೆ ಎಳೆಯಾಗಿ ಕೂಡಿಸುವ ಕೆಲಸಕ್ಕೆ ಅವಳನ್ನು ಚಿಕ್ಕಂದಿನಲ್ಲೇ ಕೂರಿಸಿದ್ದರು. ಹಾಗಾಗಿ ಯಾವ ವಸ್ತು ಕೈಗೆ ಬಂದರೂ ಆ ಎರಡು ಬೆರಳುಗಳ ನಡುವೆ ಹಿಡಿದು ತಿಕ್ಕಿ ನೋಡುವುದು ಅವಳ ಅಭ್ಯಾಸ. ಕೊತ್ತಂಬರಿ, ನೋಟು, ಎಲ್ಲಕ್ಕೂ ಅದೇ ಪರೀಕ್ಷೆ. ನನ್ನನ್ನು ಕೇಳಿಕೊಂಡು ಬಂದ ಮೊದಲ ವರನ ಫೋಟೋವನ್ನೂ ಹಾಗೇ ತಿಕ್ಕಿ, “ಬಣ್ಣ ಬಿಡ್ತೈತಿ, ಬ್ಯಾಡ” ಅಂದಿದ್ದಳು. ನನಗೂ ಅವನು ಬೇಡವಾಗಿದ್ದ, ಅದು ಅವಳಿಗೆ ಹೇಗೋ ಗೊತ್ತಿತ್ತು.

ನಮ್ಮದು ಅಜ್ಜನ ಕಾಲಕ್ಕೆ ರಾಯಚೂರು ಸೀಮೆಯಿಂದ ನಾರಾಯಣಪೇಟೆಗೆ ಬಂದ ಮನೆತನ. ನಡುಮನೆಯಲ್ಲಿ ಎರಡು ಮಗ್ಗ, ಹೊರಗೆ ತೆಲುಗು, ಒಳಗೆ ಕನ್ನಡ. ಅಪ್ಪ ತೀರಿದ ಮೇಲೆ ಮಗ್ಗಗಳನ್ನು ಅವ್ವ ನೋಡಿಕೊಂಡಳು, ಸೀರೆಗಳನ್ನು ಬೈಕಿನ ಮೇಲೆ ಕಟ್ಟಿಕೊಂಡು ಅಂಗಡಿಗಳಿಗೆ ಮುಟ್ಟಿಸುವ ಕೆಲಸ ಅಣ್ಣನದು. ಅಣ್ಣನಿಗೆ ಒಂದೇ ಹುಚ್ಚು, ಆಟದ ಕಂಪ್ಯೂಟರ್ ಅನ್ನು ತಾನೇ ಬಿಡಿಭಾಗ ಆರಿಸಿ ಕೂಡಿಸಬೇಕು ಅಂತ. ತಿಳಿದವರು ಎಲ್ಲಕ್ಕಿಂತ ಕೊನೆಗೆ ಕೊಳ್ಳುವ ಹೊರಗಿನ ಡಬ್ಬಿಯನ್ನು, ಅಂದರೆ ಕ್ಯಾಬಿನೆಟ್ಟನ್ನು, ಅವನು ಎಲ್ಲಕ್ಕಿಂತ ಮೊದಲು ತಂದ. ಪಕ್ಕಕ್ಕೆ ಗಾಜು, ಒಳಗೆ ಬಣ್ಣದ ದೀಪ. ಹೆಣ್ಣು ಗೊತ್ತಾಗುವ ಮೊದಲೇ ಚಪ್ಪರ ಹಾಕಿಸಿದ್ದೀರಿ ಎಂದು ಅತ್ತಿಗೆ ಅವನನ್ನು ಕಾಡಿಸುತ್ತಿದ್ದಳು. ಮದುವೆಯಾದ ಎರಡನೇ ವರ್ಷ ಮಕ್ತಲ್ ರಸ್ತೆಯಲ್ಲಿ ಅವನ ಬೈಕು ಉರುಳಿತು. ಸೀರೆಯ ಗಂಟಿಗೆ ಒಂದು ಗೀರೂ ಬಿದ್ದಿರಲಿಲ್ಲ, ಅಣ್ಣ ಉಳಿಯಲಿಲ್ಲ.

ವರ್ಷ ತುಂಬಿದ ಮೇಲೆ ಅತ್ತಿಗೆಯ ತಮ್ಮ ಗದ್ವಾಲದಿಂದ ಬಂದ. ಅಕ್ಕನಿಗೆ ಇನ್ನೂ ವಯಸ್ಸಿದೆ, ಮಕ್ಕಳಿಲ್ಲ, ಇಟಿಕ್ಯಾಲದ ಕಡೆ ಹೆಂಡತಿ ತೀರಿಕೊಂಡ ಒಬ್ಬ ರೈತ ಕೇಳುತ್ತಿದ್ದಾನೆ, ಉಡಿಕಿ ಮಾಡಿಕೊಡುತ್ತೇವೆ ಎಂದು ತಲೆ ತಗ್ಗಿಸಿ ಹೇಳಿದ. ಗಂಡ ಸತ್ತ ಹೆಣ್ಣಿಗೆ ಸೀರೆ ಉಡಿಸಿ ಇನ್ನೊಂದು ಮನೆಗೆ ಸೇರಿಸುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ, ಅದೇ ಉಡಿಕಿ. ಆದರೆ ಹಾಗೆ ಹೋದವಳು ಮೊದಲಿನ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ಆ ಮನೆಯವರನ್ನು ನಂಟರು ಎಂದು ಹೇಳಿಕೊಳ್ಳುವಂತಿಲ್ಲ. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನಿಗೆ ಚಹಾ ಕೊಟ್ಟು ಮಗ್ಗಕ್ಕೆ ಹೋಗಿ ಕೂತಳು. ಅತ್ತಿಗೆ ತಮ್ಮನನ್ನು ಬಾಗಿಲ ತನಕ ಕಳಿಸಿಕೊಟ್ಟು, “ಅತ್ತಿ ಬಾಯಿಂದ ಹೋಗು ಅಂತ ಬರ್ಬೇಕು. ಅಲ್ಲೀತನಕ ನಾ ಏಳಂಗಿಲ್ಲ” ಅಂದಳು. ನನಗಂತೂ ಅವಳು ಹೋಗುವುದು ಬೇಕಿರಲಿಲ್ಲ. ಅವ್ವನ ಮೌನ ಹೀಗೇ ಮುಂದುವರಿಯಲಿ ಎಂದು ದೇವರಿಗೆ ಊದುಬತ್ತಿ ಹಚ್ಚುತ್ತಿದ್ದೆ.

ಅಣ್ಣನ ಕ್ಯಾಬಿನೆಟ್ಟು ಆಗ ಮಂಚದ ಕೆಳಗಿತ್ತು. ಅವ್ವ ಅದರಲ್ಲಿ ನೂಲಿನ ಲಡಿ ತುಂಬಿ ಇಟ್ಟಿದ್ದಳು; ನಮ್ಮ ಮನೆಯಲ್ಲಿ ಖಾಲಿ ಡಬ್ಬಿಗೆ ಬೇರೆ ಗತಿ ಇಲ್ಲ. ಒಂದು ಮಧ್ಯಾಹ್ನ ಅತ್ತಿಗೆ ಲಡಿಗಳನ್ನೆಲ್ಲ ತೆಗೆದು, ಗಾಜು ಒರೆಸಿ, ಇದನ್ನು ತುಂಬಿಸೋಣ ಅಂದಳು. ಕುದುರೆ ಏರಿ ಬೆಟ್ಟ ಬಯಲು ಸುತ್ತುವ ಒಂದು ಆಟದ ವಿಡಿಯೋವನ್ನು ಅಣ್ಣ ಅವಳಿಗೆ ಫೋನಿನಲ್ಲಿ ತೋರಿಸುತ್ತಿದ್ದನಂತೆ, ನಮ್ಮದೇ ಕಂಪ್ಯೂಟರಿನಲ್ಲಿ ಆಡಿಸುತ್ತೇನೆ ಎಂದು ಮಾತು ಕೊಟ್ಟಿದ್ದನಂತೆ. ಅವ್ವ ಯಾಕೆ ಎಂದು ಕೇಳಿದರೆ ಸೀರೆಯ ಡಿಸೈನ್ ಮಾಡಲು ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದೆವು. ಅವ್ವ ನಂಬಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಗದ್ವಾಲದಿಂದ ಫೋನ್ ಬಂದಾಗಲೆಲ್ಲ ಅತ್ತಿಗೆ ಈ ಕೆಲಸ ಒಂದು ಮುಗಿಯಲಿ ಎಂದು ಉತ್ತರ ಕೊಡಲು ಶುರುಮಾಡಿದಳು.

ಆ ಸಂಜೆಗಳನ್ನು ನಾನು ಈಗಲೂ ಬೇಡುತ್ತೇನೆ. ಮಾಳಿಗೆಯ ಮೇಲೆ ಚಾಪೆ, ಒಂದೇ ಫೋನು, ಎರಡು ತಲೆ. ತೆಲುಗು ಹುಡುಗರ ವಿಡಿಯೋ ನೋಡುತ್ತ ನಾನು ಒಂದೊಂದು ದಿನ ಒಂದೊಂದು ದೊಡ್ಡ ಪ್ರೊಸೆಸರ್‌ಗೆ ಮನಸೋಲುತ್ತಿದ್ದೆ. ನಮ್ಮ ಕೈಯಲ್ಲಿದ್ದದ್ದು ಮಧ್ಯಮ ದರ್ಜೆಯ ದುಡ್ಡು, ಅತ್ತಿಗೆಯ ನೇಯ್ಗೆ ಕೂಲಿಯಲ್ಲಿ ಉಳಿಸಿದ್ದು. ಅವಳು ನನ್ನನ್ನು ನೆಲಕ್ಕೆ ಇಳಿಸುತ್ತಿದ್ದಳು. “ಎಲ್ಲಾ ರೇಷ್ಮಿ ಅಂದ್ರ ನಮಗ ನೀಗಂಗಿಲ್ಲ ತಂಗಿ. ಒಡಲು ನೂಲಿಂದು ಇರ್ಲಿ, ಅಂಚು ಸೆರಗು ರೇಷ್ಮಿದು ಇರ್ಲಿ. ಉಟ್ಟಾಗ ಕಾಣೋದು ಅದೇ.” ಆಟದ ಕಂಪ್ಯೂಟರಿಗೆ ಅಂಚು ಸೆರಗು ಎಂದರೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು. ದುಡ್ಡಿನ ದೊಡ್ಡ ಪಾಲು ಅದಕ್ಕೆ. ಪ್ರೊಸೆಸರ್ ನಡುತರದ್ದು ಸಾಕು, ಮದರ್‌ಬೋರ್ಡು ಸಾದಾ ಇರಲಿ, ರ‍್ಯಾಮ್ ಒಂದು ದೊಡ್ಡದರ ಬದಲು ಎರಡು ಸಣ್ಣವು ಜೋಡಿಯಾಗಿರಲಿ. ಮಿಣಿಮಿಣಿ ದೀಪದ ಫ್ಯಾನು ಗಣಪತಿ ಮಂಟಪಕ್ಕೆ ಇರಲಿ.

ಕರೆಂಟನ್ನು ಹದಮಾಡಿ ಎಲ್ಲ ಭಾಗಗಳಿಗೂ ಹಂಚುವ ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ಅವಳು ಜಗ್ಗುತ್ತಿರಲಿಲ್ಲ. ಸೀರೆ ಹರಿಯುವುದು ಒಡಲಿನಲ್ಲಲ್ಲ, ಅಂಚಿನಲ್ಲೂ ಅಲ್ಲ, ಎರಡೂ ಕೂಡುವ ಎಳೆಯಲ್ಲಿ; ಅಲ್ಲಿ ಕಡಿಮೆ ಮಾಡಿದವನು ಕೆಡುತ್ತಾನೆ ಎನ್ನುತ್ತಿದ್ದಳು. ಅವಳ ಎಲ್ಲ ಮಾತೂ ಸರಿ ಇರುತ್ತಿತ್ತು ಎಂದಲ್ಲ. ರಾಯಚೂರಿನ ಅಂಗಡಿಯಲ್ಲಿ ಎರಡು ಪವರ್ ಸಪ್ಲೈಗಳನ್ನು ಎರಡು ಕೈಯಲ್ಲಿ ಎತ್ತಿ, ಭಾರ ಇದ್ದದ್ದೇ ಒಳ್ಳೆಯದು ಎಂದು ತೀರ್ಪು ಕೊಟ್ಟಳು. ಅಂಗಡಿಯವನು ಇದೇನು ಜರಿ ಸೀರೆಯೇ ಅಕ್ಕಾ ಎಂದು ನಕ್ಕ. ಅವಳೂ ನಕ್ಕು, ಹಾಗಾದರೆ ಯಾವುದಕ್ಕೆ ಹೆಚ್ಚು ವರ್ಷ ಗ್ಯಾರಂಟಿ ಕೊಡುತ್ತೀಯೋ ಅದನ್ನು ಕೊಡು ಅಂದಳು. ಅವನು ಹಗುರವಾದದ್ದನ್ನು ಕೊಟ್ಟ. ಬಸ್ಸಿನಲ್ಲಿ ಮಕ್ತಲ್ ಬರುವ ತನಕ ಅವಳು ಆ ಡಬ್ಬಿಯನ್ನು ಅನುಮಾನದಿಂದ ನೋಡುತ್ತಲೇ ಇದ್ದಳು.

ಹೀಗೆ ತಿಂಗಳಿಗೊಂದು ಭಾಗ ಮನೆಗೆ ಬಂತು. ಕೊನೆಗೆ ಬಂದದ್ದು ಕಾರ್ಡು. ಮೂರು ಫ್ಯಾನಿನ, ಉದ್ದನೆಯ, ಚೆಂದದ ಕಾರ್ಡು. ಕ್ಯಾಬಿನೆಟ್ಟಿನಲ್ಲಿ ಎಲ್ಲವನ್ನೂ ಕೂರಿಸಿ ಅದನ್ನು ಇಡಲು ಹೋದರೆ ಹಿಡಿಯಲಿಲ್ಲ. ಮುಂದಿನ ತಗಡಿನ ಗೂಡಿಗೆ ಬಡಿದು ಎರಡು ಬೆರಳಷ್ಟು ಹೊರಗೇ ಉಳಿಯಿತು. ಮದರ್‌ಬೋರ್ಡಿಗೆ ಪ್ರೊಸೆಸರ್ ಹೊಂದುತ್ತದೆಯೇ, ಪವರ್ ಸಾಲುತ್ತದೆಯೇ, ನಮ್ಮ ಮನೆಯ ಹತ್ತಿ ಧೂಳಿಗೆ ಫ್ಯಾನು ತಡೆಯುತ್ತದೆಯೇ, ಎಲ್ಲ ನೋಡಿದ್ದೆವು. ಕ್ಯಾಬಿನೆಟ್ಟಿನ ಒಳಗನ್ನು ಮಾತ್ರ ಇಬ್ಬರೂ ಅಳೆದಿರಲಿಲ್ಲ. ಅಣ್ಣ ತಂದದ್ದು ಎಂದ ಮೇಲೆ ಅದಕ್ಕೆ ಟೇಪು ಹಿಡಿಯುವ ಯೋಚನೆಯೇ ನಮಗೆ ಬಂದಿರಲಿಲ್ಲ.

ತಗಡಿನ ಗೂಡನ್ನು ಕೊಯ್ಯಿಸೋಣ ಎಂದು ನಾನು ಹಟ ಹಿಡಿದೆ. ಬೇಡವಾದರೆ ಕಾರ್ಡು ವಾಪಸು ಕೊಟ್ಟು ಗಿಡ್ಡದ್ದು ತರೋಣ ಅಂದೆ. ಆ ಡಬ್ಬಿ ಬಿಡಲು ನನಗೆ ಮನಸ್ಸಿರಲಿಲ್ಲ. ಡಬ್ಬಿ ಹೋದರೆ ಅಣ್ಣ ಇನ್ನೊಮ್ಮೆ ಹೋದ ಹಾಗೆ, ಅವನ ಹಿಂದೆ ಇವಳೂ. ಅತ್ತಿಗೆ ಅವತ್ತು ಊಟ ಮಾಡಲಿಲ್ಲ. ಗಾಜಿನ ಅಂಚನ್ನು ಆ ಎರಡು ಬೆರಳುಗಳಿಂದ ತಿಕ್ಕುತ್ತ ಕೂತಿದ್ದಳು. ಮಾರನೇ ದಿನ ಅವ್ವ ಮಗ್ಗದಲ್ಲಿದ್ದಾಗ, ಅವಳಿಗೂ ಕೇಳಿಸುವ ಹಾಗೆ ನನಗೆ ಹೇಳಿದಳು:

“ಕೊಯ್ಯೋದು ಬ್ಯಾಡ ತಂಗಿ. ಅವರು ತಂದದ್ದು ಚಂದೇ ಐತಿ, ಅದನ್ಯಾಕ ಕೆಡಸೋದು? ಕಾರ್ಡೂ ಚಂದೇ ಐತಿ, ಅದನ್ಯಾಕ ಗಿಡ್ಡ ಮಾಡೋದು? ಬ್ಯಾರೆ ಡಬ್ಬಿ ತರೂಣು.”

ಮಗ್ಗದ ಸದ್ದು ನಿಂತಿತು. ಅವ್ವ ತಿರುಗಿ ನೋಡಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೇಯತೊಡಗಿದಳು.

ಹೊಸ ಡಬ್ಬಿ ಬಂತು. ದೀಪವಿಲ್ಲ, ಗಾಜಿಲ್ಲ, ಮುಂದೆ ತೆಗೆದು ತೊಳೆಯುವಂಥ ಜಾಳಿಗೆ. ಕಾರ್ಡು ಅದರಲ್ಲಿ ಹಾಯಾಗಿ ಕೂತಿತು. ಸ್ವಿಚ್ ಒತ್ತಬೇಕು ಎನ್ನುವಾಗ ಅವ್ವ ಪೂಜೆಯ ತಟ್ಟೆ ಹಿಡಿದು ಬಂದಳು. ನಮ್ಮ ಮನೆಯಲ್ಲಿ ಹೊಸ ಮಗ್ಗಕ್ಕೂ ಮಿಕ್ಸಿಗೂ ಪೂಜೆ ಇಲ್ಲದೆ ಪ್ರಾರಂಭವಿಲ್ಲ. ಅತ್ತಿಗೆ ತಾನಾಗಿಯೇ ಹಿಂದೆ ಸರಿದು ಗೋಡೆಗೆ ಒರಗಿದಳು, ಅಣ್ಣ ಹೋದಾಗಿನಿಂದ ಅವಳು ನಿಲ್ಲುತ್ತಿದ್ದದ್ದು ಅಲ್ಲೇ. ಅವ್ವ ಡಬ್ಬಿಗೆ ವಿಭೂತಿ ಎಳೆದಳು. ಆಮೇಲೆ ಕುಂಕುಮದ ಭರಣಿಯನ್ನು ಅತ್ತಿಗೆಯ ಮುಂದೆ ಹಿಡಿದು, “ನೀ ಹಚ್ಚವ್ವಾ” ಅಂದಳು.

ಅತ್ತಿಗೆ ಅಲ್ಲಾಡಲಿಲ್ಲ. ಅವ್ವ ಭರಣಿಯನ್ನು ಹಿಂದಕ್ಕೆ ತೆಗೆಯಲೂ ಇಲ್ಲ. ಕೊನೆಗೆ ಅತ್ತಿಗೆ ಒಂದು ಚಿಟಿಕೆ ತೆಗೆದುಕೊಂಡು ಡಬ್ಬಿಗೆ ಹಚ್ಚಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳಲು ಹೋದಳು. ಅವ್ವ ಆ ಕೈ ಹಿಡಿದುಕೊಂಡಳು.

“ಒರಸಬ್ಯಾಡ. ಅದರಾಗ ಉಳದದ್ದು ನಿನ್ನ ಹಣಿಗಿ ಹಚ್ಚಿಕೋ. ನಿಮ್ಮ ತಮ್ಮಗ ಬಾ ಅಂತ ಫೋನ್ ಹಚ್ಚು.”

ನಾನು ಅಡುಗೆಮನೆಗೆ ಓಡಿಹೋಗಿ ಅತ್ತೆ. ಅವ್ವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಅದೇ ಅವ್ವ ಅಷ್ಟು ದೊಡ್ಡವಳಾಗಿಯೂ ಕಂಡಿದ್ದಳು. ಎರಡೂ ಒಟ್ಟಿಗೆ ಬಂದರೆ ಅಳುವುದೊಂದೇ ದಾರಿ. ಹೊರಗೆ ಬಂದಾಗ ಕಂಪ್ಯೂಟರ್ ಓಡುತ್ತಿತ್ತು. ಹಣೆಯ ಮೇಲೆ ಕೆಂಪು ಚುಕ್ಕೆ ಇಟ್ಟುಕೊಂಡು ಅತ್ತಿಗೆ ಕುದುರೆ ನಡೆಸುತ್ತಿದ್ದಳು. ಆಟದವರು ಗುಂಡು ಹಾರಿಸು ಎಂದರೆ ಹಾರಿಸದೆ, ಕುದುರೆಯನ್ನು ಹೊಳೆಯ ದಂಡೆಗೆ ಒಯ್ದು ಸುಮ್ಮನೆ ನಿಲ್ಲಿಸಿದ್ದಳು. ಪಕ್ಕದಲ್ಲಿ ಅವ್ವ ಕೂತು ಅದು ಯಾಕೆ ನೀರು ಕುಡಿಯುವುದಿಲ್ಲ ಎಂದು ಕೇಳುತ್ತಿದ್ದಳು.

ಅವಳು ಹೋದಳು. ಇಟಿಕ್ಯಾಲವೇನು ಸಮುದ್ರದ ಆಚೆ ಇಲ್ಲ, ಬಸ್ಸಿನಲ್ಲಿ ಅರ್ಧ ದಿನದೊಳಗೆ ಮುಟ್ಟಬಹುದು. ಆದರೆ ಕೃಷ್ಣೆ ದಾಟಿ ಆ ಬಾಗಿಲಿಗೆ ಹೋಗುವ ಹಕ್ಕು ನಮಗಿರಲಿಲ್ಲ. ಫೋನ್ ಮಾಡಬೇಕೆನ್ನಿಸಿ ನಂಬರ್ ತೆಗೆದು ಇಡುತ್ತಿದ್ದೆ. ಹೊಸ ಮನೆಯಲ್ಲಿ ನನ್ನಿಂದ ಅವಳಿಗೆ ಒಂದು ಮಾತು ಬರಬಾರದು. ಮಾಳಿಗೆಗೆ ಹೋಗುವುದನ್ನೇ ಬಿಟ್ಟೆ. ಕಂಪ್ಯೂಟರಿನಲ್ಲಿ ನಾನೀಗ ನಿಜವಾಗಿಯೂ ಸೀರೆಯ ಡಿಸೈನ್ ಮಾಡುತ್ತೇನೆ, ಅದರಿಂದಲೇ ನಮ್ಮ ಎರಡು ಮಗ್ಗ ನಡೆಯುತ್ತಿವೆ. ಜಾಳಿಗೆಯ ಹತ್ತಿ ಧೂಳನ್ನು ತೊಳೆಯುವಾಗಲೆಲ್ಲ ಅವಳ ಜೊತೆ ಮಾತಾಡುವ ಆಸೆಯಾಗುತ್ತದೆ. ಹೊಸ ಡಿಸೈನ್ ಮುಗಿದರೆ ಅದನ್ನು ತಿಕ್ಕಿ ನೋಡಲು ಆ ಬೆರಳುಗಳು ಬೇಕು ಅನ್ನಿಸುತ್ತದೆ.

ಹೋದ ಶ್ರಾವಣದಲ್ಲಿ ಸೀರೆಯ ಗಂಟು ಮುಟ್ಟಿಸಲು ಗದ್ವಾಲಕ್ಕೆ ಹೋಗಿದ್ದೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಅವಳಿದ್ದಳು. ಸ್ವಲ್ಪ ದಪ್ಪಗಾಗಿದ್ದಳು, ಹಣೆ ತುಂಬ ಕುಂಕುಮ. ಪಕ್ಕದಲ್ಲಿ ಅವಳ ಹೊಸ ಅತ್ತೆ, ಮಡಿಲಲ್ಲಿ ಮೊಮ್ಮಗುವನ್ನು ಮಲಗಿಸಿಕೊಂಡಿದ್ದರು. ನಾನು ಕಂಬದ ಮರೆಗೆ ಸರಿಯಬೇಕಿತ್ತು, ಸರಿಯಲಿಲ್ಲ. ಅವಳೂ ನನ್ನನ್ನೇ ನೋಡುತ್ತಿದ್ದಳು. ಮುದುಕಿ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡಿ, “ಯಾರವ್ವಾ ಈಕಿ?” ಎಂದು ಕೇಳಿದರು.

ಸೀರೆ ವ್ಯಾಪಾರದ ಗುರುತು ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಅವಳು ನನಗಿಂತ ಮೊದಲೇ ಹೇಳಿಬಿಟ್ಟಳು.

“ನನ್ನ ನಾದ್ನಿ ರೀ ಅತ್ತಿ.”

ಮುದುಕಿ ನನ್ನನ್ನು ತಲೆಯಿಂದ ಕಾಲತನಕ ನೋಡಿದರು. ಆಮೇಲೆ ಬೆಂಚಿನ ಮೇಲಿದ್ದ ಚೀಲವನ್ನು ತೆಗೆದು ಕೆಳಗಿಟ್ಟು, “ಹಂಗಾದ್ರ ನಿಂತಿ ಯಾಕ? ಕೂಡು ಬಾ” ಅಂದರು.

ಕೂತೆ.