ಫೋಟೋದಲ್ಲಿ ಉಳಿದ ಬಾಸ್ ಬಾಜಾ

ಚಾಚಾನ ಮೇಲೆ ನನಗೆ ಬಹಳ ವರ್ಷಗಳಿಂದ ಸಿಟ್ಟಿತ್ತು. ನಾನು ಎಂ.ಎ. ಓದುತ್ತಿದ್ದಾಗ, ಸಿಂಧನೂರಿನ ಚಾಚಾನ ಬ್ಯಾಂಡ್ ಅಂಗಡಿಯಲ್ಲಿ ಎಲ್ಲರೆದುರು, ಅವರು ತಮ್ಮ ಸ್ವಂತ ಅಣ್ಣನಿಗೆ, ಅಂದರೆ ನನ್ನ ಅಬ್ಬಾನಿಗೆ, ‘ಉಸಿರು ಹೋಗ್ಯಾದ’ ಎಂದರು. ಅವತ್ತು ಅಬ್ಬಾನ ಎದೆಯಿಂದ ಬಾಸ್ ಬಾಜಾ ಇಳಿಯಿತು, ಕೈಗೆ ತಾಳ ಬಂತು. ಮದುವೆ ಮೆರವಣಿಗೆಯ ಹಿಂದಿನ ಸಾಲಿನಲ್ಲಿ ಒಬ್ಬ ಅಪ್ಪಿಕೊಂಡು ಊದುವ, ಬಾಯಿ ಆಕಾಶ ನೋಡುವ ದೊಡ್ಡ ಹಿತ್ತಾಳೆ ವಾದ್ಯವೇ ಬಾಸ್ ಬಾಜಾ. ಪುಸ್ತಕಗಳಲ್ಲಿ ಅದಕ್ಕೆ ಟ್ಯೂಬಾ ಎನ್ನುತ್ತಾರೆ. ಅಬ್ಬಾ ಒಂದು ಸೀಜನ್ ತಾಳ ಹಾಕಿದರು. ಆಮೇಲೆ ಮಸ್ಕಿಯ ಮನೆ ಬಿಟ್ಟು ಮೆರವಣಿಗೆಗೆ ಹೋಗಲಿಲ್ಲ.

ನಾನು ಅವರನ್ನು ರಾಯಚೂರಿಗೆ ಕರೆದುಕೊಂಡು ಹೋಗಿ ಎದೆಯ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇ ಸ್ವಚ್ಛವಾಗಿತ್ತು. ಊದಿ ಚೆಂಡು ಎಬ್ಬಿಸುವ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟೆ. ಅಬ್ಬಾ ಒಂದೇ ಉಸಿರಿಗೆ ಎಲ್ಲ ಚೆಂಡುಗಳನ್ನೂ ಮೇಲಕ್ಕೇರಿಸಿ ನಿಲ್ಲಿಸಿದರು. ಕೆಳಗಿಳಿಸಿ, ಉಸಿರಿಲ್ಲ ಬೇಟಾ ಎಂದರು. ನಾನು ನಂಬಿದೆ. ಕಣ್ಣೆದುರು ಚೆಂಡುಗಳು ನಿಂತಿದ್ದರೂ ನಂಬಿದೆ.

ಈ ವರ್ಷ ಚಾಚಾ ಅಂಗಡಿಗೆ ಹೊಸ ಫ್ಲೆಕ್ಸ್ ಮಾಡಿಸಲು ಹೊರಟರು. ಹಳೆಯ ಫೋಟೋ ಬೇಕು, ಅದರಲ್ಲಿ ಆ ದೊಡ್ಡ ಬಾಜಾ ಕಾಣಬೇಕು, ಅದು ಯಾವ ಕಂಪನಿಯದು, ಯಾವ ಮಾಡೆಲ್ಲು ಎಂದು ಪತ್ತೆ ಮಾಡಿಕೊಟ್ಟರೆ ‘ಅಸಲಿ ಲಂಡನ್ ಬಾಜಾ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿಸಬಹುದು ಎಂದು ಫೋನು ಮಾಡಿದರು. ನಾನು ಲಿಂಗಸುಗೂರಿನ ಕಾಲೇಜಿನಲ್ಲಿ ಇತಿಹಾಸ ಹೇಳುವವಳು, ಇಂಥ ಕೆಲಸ ನನಗೇ ಬರುತ್ತದೆ. ಆಗಲಿ ಎಂದೆ. ಅಬ್ಬಾನನ್ನು ಅದೇ ಬಾಜಾದಿಂದ ಬಿಡಿಸಿದವರು ಅಬ್ಬಾನ ಫೋಟೋ ಹಾಕಿ ಮದುವೆ ಹಿಡಿಯುತ್ತಾರಲ್ಲ ಎಂದು ಹಲ್ಲು ಕಚ್ಚಿಕೊಂಡೇ ಎಂದೆ.

ಬ್ಯಾಂಡಿನವರ ಫೋಟೋ ಬ್ಯಾಂಡಿನವರ ಬಳಿ ಇರುವುದಿಲ್ಲ. ಬಾಜಾ ಬಾರಿಸಿದ ಮನೆಗಳ ಆಲ್ಬಮ್ಮಿನಲ್ಲಿ ಹುಡುಕಬೇಕು. ಗುರುಗುಂಟಾದ ಒಂದು ಮನೆಯಲ್ಲಿ ಕೊನೆಗೆ ಸಿಕ್ಕಿತು. ಮದುಮಗನ ಕುದುರೆಯ ಬಾಲ ಪೂರ್ತಿ ಬಂದಿದೆ, ನನ್ನ ಅಪ್ಪನ ಮುಖ ಅರ್ಧ ಬಂದಿದೆ. ಫೋಟೋ ತೆಗೆದವನಿಗೆ ಅಷ್ಟೂ ಬೇಡವಾಗಿತ್ತೇನೋ, ಬಾಜಾ ದೊಡ್ಡದಿದ್ದ ಕಾರಣ ಕತ್ತರಿಸಲಾಗಿಲ್ಲ. ಅಬ್ಬಾ ಯಾರನ್ನೋ ನೋಡಲು ತಿರುಗಿದ್ದಾರೆ, ಹಾಗಾಗಿ ಬಾಜಾದ ಬೆನ್ನು ಕ್ಯಾಮೆರಾದ ಕಡೆಗಿದೆ. ಮೊಬೈಲಿನಲ್ಲಿ ಅದನ್ನು ಹಿಡಿದುಕೊಂಡು ಬಂದೆ.

ಕಂಪನಿಯ ಹೆಸರು ಬಾಜಾದ ಬಾಯಿಯ ಹತ್ತಿರ ಕೆತ್ತಿರುತ್ತದೆ. ನಮ್ಮ ಕಡೆ ಅದರ ಮೇಲೇ ಕೆಂಪು ಬಣ್ಣದಲ್ಲಿ ಬ್ಯಾಂಡಿನ ಹೆಸರು, ಊರು, ಫೋನ್ ನಂಬರು ಬರೆಸುತ್ತಾರೆ. ಪ್ರತಿ ಸೀಜನ್ನಿಗೆ ಹಳೆಯ ಬಣ್ಣ ಕೆರೆದು ಹೊಸದು. ಕೆರೆದು ಕೆರೆದು ಕೆತ್ತಿದ ಹೆಸರು ಯಾವಾಗ ಹೋಯಿತೋ ಯಾರಿಗೂ ಗೊತ್ತಿಲ್ಲ. ನನಗೆ ಅಲ್ಲೊಂದು ಕಿರೀಟದ ಚಿತ್ರ ಇದ್ದ ನೆನಪು. ಆ ನೆನಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಏಕೆಂದರೆ ಹಳೆಯ ವಾದ್ಯಗಳ ಒಂದು ಕೆಟಲಾಗಿನಲ್ಲಿ ಕಿರೀಟ ನೋಡಿದ ಮರುದಿನವೇ ಅದು ನೆನಪಾಗಿತ್ತು.

ಉಳಿದದ್ದು ಆಕಾರ. ಹಳೆಯ ಹಿತ್ತಾಳೆ ವಾದ್ಯ ಬಲ್ಲವರ ಒಂದು ಇಂಟರ್‌ನೆಟ್ ಗುಂಪಿಗೆ ಫೋಟೋ ಕಳಿಸಿದೆ. ಯಾವುದೋ ದೇಶದವನೊಬ್ಬ, ಗುಂಡಿಗಳ ಹಿಂಭಾಗ ದೊಡ್ಡದು ಮಾಡಿ ನೋಡಿ ಎಂದ. ನೋಡಿದೆ. ಮೂರು ಗುಂಡಿ ಮೇಲೆ, ನಾಲ್ಕನೆಯದು ಪಕ್ಕದಲ್ಲಿ, ಅದರ ಮೇಲೆ ಅಬ್ಬಾನ ಎಡಗೈ ಬೆರಳು. ಗುಂಡಿಗಳ ಹಿಂದೆ ಸಣ್ಣ ಸಣ್ಣ ಸುತ್ತಿನ ಕೊಳವೆಗಳು, ಕರುಳಿನ ಹಾಗೆ. ನಾಲ್ಕನೆಯ ಗುಂಡಿ ಒತ್ತಿದಾಗ ಗಾಳಿ ಆ ಕೊಳವೆಗಳಲ್ಲೂ ಹಾದು ಬರುತ್ತದಂತೆ. ಅವು ಇದ್ದರೇ ತೀರ ಕೆಳಗಿನ ಸ್ವರಗಳು ಸರಿಯಾಗಿ ಬರುವುದು. ಲಂಡನ್ನಿನ ಒಂದು ಹಳೆಯ ಕಂಪನಿಯ ನಾಲ್ಕು ಗುಂಡಿಯ ಇ-ಫ್ಲ್ಯಾಟ್ ಬಾಸ್ ಇದು ಎಂದು ಅವನು ಬರೆದ. ಇನ್ನೊಬ್ಬ, ಕಂಪನಿಯವರು ಬಾಜಾದ ಮೇಲೆ ಒತ್ತಿದ ನಂಬರು ನೋಡದೆ ಬರೀ ಫೋಟೋದಿಂದ ಪ್ರಮಾಣ ಮಾಡಲಾಗದು ಎಂದ. ನಾನು ಕೆಟಲಾಗಿನ ಚಿತ್ರವನ್ನೂ ಫೋಟೋವನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ತಿರುವನ್ನೂ ತಾಳೆ ನೋಡಿದೆ. ಹೊಂದಿತು. ಹೊಂದಲಿ ಎಂಬ ಆಸೆ ನನಗಿತ್ತು, ಹಾಗಾಗಿ ಎರಡು ದಿನ ಬಿಟ್ಟು ಮತ್ತೆ ನೋಡಿದೆ. ಆಗಲೂ ಹೊಂದಿತು.

ಅಂಗಡಿಯ ಬಾಜಾದ ಮೇಲೆ ನಂಬರು ಉಳಿದಿರಬಹುದೆಂದು ಸಿಂಧನೂರಿಗೆ ಹೋದೆ. ಬ್ಯಾಂಡಿನವರು ತಾಲೀಮಿಗೆ ಸೇರಿದ್ದರು. ಈಗ ಬಾಸ್ ಊದುವವನು ಬಳಗಾನೂರಿನವನು, ಮೂವತ್ತರ ಗಟ್ಟಿ ಆಳು. ಅವನ ಕೆಳಗಿನ ಸ್ವರ ಕೆಟ್ಟು ಬರುತ್ತಿತ್ತು. ಚಾಚಾ ಅವನನ್ನು ಬಯ್ಯುತ್ತಿದ್ದರು.

“ಹೊಟ್ಟಿ ಮಾತ್ರ ಬೆಳಸೀದಿ ಲೇ, ಉಸಿರು ಎಲ್ಲಿ ಅಡವಿಟ್ಟು ಬಂದಿ?”

ಉಳಿದವರು ನಕ್ಕರು. ಅವನೂ ನಕ್ಕ, ಬೆವರು ಒರೆಸಿಕೊಂಡ. ನಾನು ಅವನಿಂದ ಬಾಜಾ ಇಸಿದುಕೊಂಡು ತಿರುಗಿಸಿದೆ. ಥಳಥಳ ಹೊಳೆಯುವ ನಿಕ್ಕಲ್. ನಾಲ್ಕು ಗುಂಡಿ ಅದೇ ಜಾಗದಲ್ಲಿದ್ದವು. ಹಿಂದೆ ಬೋಳು. ಒಂದು ಕೊಳವೆಯೂ ಇಲ್ಲ.

ಅದು ಅಬ್ಬಾನ ಬಾಜಾ ಅಲ್ಲ. ಯಾರು ಊದಿದರೂ ಕೆಳಗಿನ ಸ್ವರ ಕೆಡುವ ಈ ಬೋಳು ಬಾಜಾ ಕೈಗಿಟ್ಟು ಚಾಚಾ ಉಸಿರಿಲ್ಲ ಎಂದಿದ್ದರು. ನಾನು ಅಷ್ಟೂ ಜನರ ಮುಂದೆ ಫೋಟೋ ಹಿಡಿದು, ಕೊಳವೆ ತೋರಿಸಿ, ಅಬ್ಬಾನ ಬಾಜಾ ಎಲ್ಲಿ, ಯಾಕೆ ಅವರ ಮರ್ಯಾದೆ ತೆಗೆದಿರಿ ಎಂದು ಕೇಳಿದೆ. ಚಾಚಾ ಫೋಟೋ ನೋಡಿದರು. ಬದಲಿ ಮಾಡಿದ್ದು ನಿಜ, ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ ಎಂದರು. ಒಬ್ಬ ವ್ಯಾಪಾರಿ ಬಂದು ಕಪ್ಪಾಗಿದ್ದ ಹಳೆಯದನ್ನು ಒಯ್ದು ಹೊಳೆಯುವ ಹೊಸದು ಕೊಟ್ಟ. ಮದುವೆ ಮನೆಯವರು ಬ್ಯಾಂಡ್ ಗೊತ್ತು ಮಾಡುವುದು ಹೊಳಪು ನೋಡಿ. ಅವತ್ತು ಅಂಗಡಿಯಲ್ಲಿ ಎಲ್ಲರಿಗೂ ಪೇಢೆ ಹಂಚಿದ್ದರಂತೆ. ಆಮೇಲೆ ದನಿ ತಗ್ಗಿಸಿ ಹೇಳಿದರು:

“ಉಸಿರು ಹೋಗ್ಯಾದಂತ ನಾ ಅಂದಿಲ್ಲವ್ವ. ನಿಮ್ಮಪ್ಪನ ಅಂದಿದ್ದು. ಇಲ್ಲೇ ನಿಂತು ಅಂದ.”

ಹಳಬರು ಇಬ್ಬರು ಹೌದೆಂದು ತಲೆಯಾಡಿಸಿದರು. ನಾನು ಆ ಮಾತನ್ನು ಚಾಚಾನ ಗಂಟಲಲ್ಲಿ ಕೇಳಿದ್ದೆ. ನಿಜಕ್ಕೂ ಕೇಳಿದ್ದೆನೇ? ಅವತ್ತು ನಾನು ಅಂಗಡಿಯಲ್ಲಿದ್ದೆನೇ, ಅಥವಾ ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದು ಆಮೇಲೆ ಯಾರಿಂದಲೋ ಕೇಳಿದೆನೇ? ಬಸ್ಸಿನುದ್ದಕ್ಕೂ ನೆನಪಿಸಿಕೊಳ್ಳಲು ನೋಡಿದೆ. ಅಂಗಡಿಯ ಗೋಡೆಯ ಬಣ್ಣ ಕೂಡ ನೆನಪಿಗೆ ಬರಲಿಲ್ಲ, ಮಾತು ಮಾತ್ರ ಸ್ಪಷ್ಟವಾಗಿತ್ತು.

ಮಸ್ಕಿಯಲ್ಲಿ ಅಬ್ಬಾ ಅಂಗಳದಲ್ಲಿ ಕುಳಿತು ಪೇಪರು ಓದುತ್ತಿದ್ದರು. ನಮ್ಮ ಮನೆಮಾತು ದಖನಿ ಉರ್ದು. ಬ್ಯಾಂಡಿನ ವಿಷಯ ಬಂದರೆ ಮಾತ್ರ ಅಬ್ಬಾ ಕನ್ನಡಕ್ಕೆ ಬರುತ್ತಾರೆ, ಆ ಕೆಲಸ ಕಲಿತದ್ದೇ ಕನ್ನಡದಲ್ಲಿ. ಫೋಟೋ ಕೊಟ್ಟು ಕಂಪನಿ, ಮಾಡೆಲ್ಲು, ಕೊಳವೆಗಳ ಕೆಲಸ ಎಲ್ಲ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಅಪ್ಪಿಕೊಂಡು ಊದಿದ್ದು ನಾನು. ಮೊದಲನೇ ದಿನಾನ ಗೊತ್ತಾತು.”

ಹಾಗಾದರೆ ಬಾಜಾ ಕೆಟ್ಟದ್ದು ಎಂದು ಯಾಕೆ ಹೇಳಲಿಲ್ಲ ಎಂದೆ.

“ಪೇಢೆ ಹಂಚಾಕತ್ತಿದ್ದ ಅವ. ಎಲ್ಲಾರ ಬಾಯಾಗ ಪೇಢೆ ಇತ್ತು. ಮೋಸ ಹೋಗೀದಿ ಅಂತ ಹ್ಯಾಂಗ ಹೇಳ್ಲಿ? ಮಸ್ಕಿಯಿಂದ ಸಿಂಧನೂರ ತನಕ ನಕ್ಕೋತ ತಿರಗತಿದ್ರು. ನನ್ನ ಉಸಿರು ಹೋಗ್ಯಾದ ಅಂದ್ರ ಯಾರು ನಗ್ತಾರ?”

ಇದನ್ನು ದೊಡ್ಡ ಮನಸ್ಸು ಎಂದುಕೊಂಡು ನಾನು ಅವರ ಕೈ ಹಿಡಿಯಬಹುದಿತ್ತು. ಬೇರೆಯವರ ಅಪ್ಪನ ಕತೆಯಾಗಿದ್ದರೆ ಹಾಗೇ ಬರೆಯುತ್ತಿದ್ದೆ. ನನಗೆ ಬಂದದ್ದು ಉರಿ. ಆಸ್ಪತ್ರೆಯ ಬೆಂಚುಗಳು, ನಾನು ಚಾಚಾನ ಮನೆಯ ಹಬ್ಬಕ್ಕೆ ಹೋಗದೆ ಉಳಿದದ್ದು, ಅಮ್ಮಿ ಮೆಣಸಿನ ಕಷಾಯ ಕುದಿಸಿದ್ದು, ಎಲ್ಲವನ್ನೂ ಇವರು ಸುಮ್ಮನೆ ನೋಡುತ್ತ ಕುಳಿತಿದ್ದರು. ಅದಕ್ಕಿಂತ ಹೆಚ್ಚು ಉರಿಸಿದ್ದು ಬೆವರು ಒರೆಸಿಕೊಂಡು ನಕ್ಕ ಆ ಮನುಷ್ಯ. ನಿಮ್ಮ ಸುಳ್ಳು ಈಗ ಬಳಗಾನೂರಿನವನ ಕೊರಳಿಗೆ ಬಿದ್ದಿದೆ, ನಾಳೆ ಅವನ ಕೈಗೂ ತಾಳ ಕೊಡುತ್ತಾರೆ, ಅವನ ಮಕ್ಕಳೂ ಅವನನ್ನು ಎಕ್ಸ್‌ರೇಗೆ ಒಯ್ಯಲಿ ಬಿಡಿ ಎಂದೆ.

ಅಬ್ಬಾ ಪೇಪರು ಮಡಚಿದರು. ಅವನ ಬಗ್ಗೆ ಅವರು ಯೋಚಿಸಿಯೇ ಇರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು. ಅವನಿಗೆ ಉಸಿರು ಚೆನ್ನಾಗಿದೆ ಎಂದಷ್ಟೇ ಹೇಳು, ಬಾಜಾದ ಸುದ್ದಿ ಬೇಡ ಎಂದರು. ನಾನು ಹೇಳುವುದಿಲ್ಲ, ಸುಮ್ಮನಿದ್ದವರೇ ಹೇಳಬೇಕು ಎಂದೆ. ನನ್ನ ಮೇಲೆ ಎಂದೂ ರೇಗದವರು ಅವತ್ತು ರೇಗಿದರು. ಆಮೇಲೆ ಫೋನು ತೆಗೆದು ತಮ್ಮನಿಗೆ ಹಚ್ಚಿದರು.

“ತಮ್ಮಾ, ಆ ಬಾಜಾ ಖರಾಬ್ ಐತಿ. ತಂದ ದಿನದಿಂದ ಖರಾಬ್ ಐತಿ. ಆ ಮನಷ್ಯಾಗ ಬೈಬ್ಯಾಡ.”

ಆ ಕಡೆಯಿಂದ ಚಾಚಾ ಏನೋ ಉದ್ದಕ್ಕೆ ಹೇಳಿದರು. ಅಬ್ಬಾ ಫೋನು ಇಟ್ಟು ಚಾಪೆಯ ಅಂಚು ಕೀಳುತ್ತ ಕುಳಿತರು. ಏನಂದರು ಎಂದು ಕೇಳಿದೆ.

“ಅವಗೂ ಗೊತ್ತಿತ್ತಂತ.”

ಎಂದಿನಿಂದ ಎಂದು ನಾನು ಕೇಳಲಿಲ್ಲ. ಯಾವ ದಿನ ಹೇಳಿದರೂ ಅಣ್ಣತಮ್ಮಂದಿರಿಬ್ಬರಲ್ಲಿ ಯಾರಿಗೂ ಅದು ಮಾಫಿಯಲ್ಲ. ಮರುದಿನ ಸಾಲಗುಂದದಲ್ಲಿ ಮದುವೆಯಿತ್ತು, ಅದೇ ಬೋಳು ಬಾಜಾ ಅಪ್ಪಿಕೊಂಡು ಬಳಗಾನೂರಿನವನು ಹಿಂದಿನ ಸಾಲಿನಲ್ಲಿ ನಿಲ್ಲುವವನಿದ್ದ. ಬಾಜಾದ ಸುದ್ದಿ ಅವನಿಗೆ ನಾನೇ ಹೇಳುತ್ತೇನೆ ಎಂದು ಅವನ ಫೋನ್ ನಂಬರು ಕೇಳಿದೆ. ಅಬ್ಬಾ ನನ್ನ ಮುಖ ನೋಡದೆ ಒಂದೊಂದೇ ಅಂಕಿ ಹೇಳಿದರು.